ಬೆವರುವ ಕಬ್ಬಿಣ, ಏಳದ ಮೋಟರ್: ಕಾವಿಲ್ಲದ ಕಾರ್ಯಾಗಾರದ ಒಂದು ಚಳಿಗಾಲ

ಮೂವರು ಕೆಲಸ ಮಾಡುವ ಒಂದು ದುರಸ್ತಿ ಕಾರ್ಯಾಗಾರದಲ್ಲಿ ಒಂದು ಚಳಿಗಾಲದುದ್ದಕ್ಕೂ ನಡೆದದ್ದನ್ನು ಇಲ್ಲಿ ದಾಖಲಿಸಿದ್ದೇವೆ. ಗುರುತು ಹತ್ತದಂತೆ ಊರು, ಹೆಸರು, ಯಂತ್ರಗಳ ತಯಾರಕರು ಎಲ್ಲವನ್ನೂ ಕೈಬಿಟ್ಟಿದ್ದೇವೆ. ಅಳತೆಗಳನ್ನು ಮಾತ್ರ ಬಿಟ್ಟಿಲ್ಲ. ಇಂಥದೇ ಶೆಡ್ಡಿನಲ್ಲಿ ಇಂಥದೇ ಹಳೆಯ ಲೇಥ್ (ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರ) ನಡೆಸುವವರಿಗೆ ಉಪಯೋಗಕ್ಕೆ ಬರುವುದು ಅವೇ.

ಶೆಡ್ಡು ಮತ್ತು ಯಂತ್ರಗಳು

ಶೆಡ್ಡು 8 ಮೀಟರ್ ಉದ್ದ, 5 ಮೀಟರ್ ಅಗಲ. ತಗಡಿನ ಮಾಡು, ಕಾಂಕ್ರೀಟ್ ನೆಲ, ಒಂದೇ ದೊಡ್ಡ ಶಟರ್. ಒಳಗೆ ಸುಮಾರು 700 ಕೆ.ಜಿ. ತೂಕದ ಲೇಥ್, ಲೋಹದ ಮೇಲ್ಮೈ ಹೆರೆಯುವ ಒಂದು ಶೇಪರ್, ಒಂದು ಡ್ರಿಲ್ಲಿಂಗ್ ಯಂತ್ರ, ಲೋಹ ಕೊಯ್ಯುವ ಒಂದು ಬ್ಯಾಂಡ್‌ಸಾ. ಲೇಥ್‌ಗೆ ಬಾಲ್ ಬೇರಿಂಗ್ ಇಲ್ಲ. ಲೋಹದ ತುಂಡನ್ನು ತಿರುಗಿಸುವ ದಂಡವಾದ ಸ್ಪಿಂಡಲ್ ತಿರುಗುವುದು ತಾಮ್ರದ ಮಿಶ್ರಲೋಹದ ಕೊಳವೆಯಂಥ ಎರಡು ಸೀಳು ಗನ್‌ಮೆಟಲ್ ಬುಷ್‌ಗಳಲ್ಲಿ. ಬುಷ್‌ನ ಒಳವ್ಯಾಸ 50 ಮಿ.ಮೀ., ಉದ್ದ 75 ಮಿ.ಮೀ. ಪ್ರತಿ ಬುಷ್‌ನ ಮೇಲೂ ಗಾಜಿನ ಕಿಂಡಿಯಿರುವ ತೊಟ್ಟಿಕ್ಕುವ ಎಣ್ಣೆ ಬಟ್ಟಲು. 0.75 ಕಿಲೋವ್ಯಾಟ್‌ನ ಸಿಂಗಲ್ ಫೇಸ್ ಕೆಪಾಸಿಟರ್ ಸ್ಟಾರ್ಟ್ ಮೋಟರ್ ವಿ-ಬೆಲ್ಟಿನ ಮೂಲಕ ಕೌಂಟರ್ ಶಾಫ್ಟನ್ನು ತಿರುಗಿಸುತ್ತದೆ. ಅಲ್ಲಿಂದ ಸ್ಪಿಂಡಲ್‌ಗೆ ಚರ್ಮದ ಚಪ್ಪಟೆ ಬೆಲ್ಟ್.

ಬೇಸಿಗೆಯಲ್ಲಿ ಈ ಯಂತ್ರ ಯಾವ ತಕರಾರೂ ಮಾಡಿರಲಿಲ್ಲ. ಹೆಡ್‌ಸ್ಟಾಕ್ (ಸ್ಪಿಂಡಲ್ ಕೂರುವ ಭಾಗ), ಬೆಡ್ (ಲೇಥ್‌ನ ಉದ್ದನೆಯ ತಳದ ಎರಕ), ಶೇಪರ್‌ನ ರ‍್ಯಾಮ್, ಎಲ್ಲಕ್ಕೂ ಒಂದೇ ಡಬ್ಬಿಯ ವಿಜಿ 68 ಎಣ್ಣೆ. ಬೆಳಿಗ್ಗೆ ಶೆಡ್ಡಿನೊಳಗೆ 2 ಡಿಗ್ರಿ, ಕೆಲವು ದಿನ ಸೊನ್ನೆಗಿಂತ ಕೆಳಗೆ ಇಳಿಯುವ ಕಾಲ ಬಂದಾಗ ಒಂದಾದ ಮೇಲೊಂದು ಮೂರು ದೂರು ಹುಟ್ಟಿದವು. ಮೋಟರ್ ಏಳುವುದಿಲ್ಲ. ಬೆಡ್‌ಗೆ ತುಕ್ಕು ಹಿಡಿಯುತ್ತಿದೆ. ಅಳತೆ ಸರಿಯಾಗಿ ಮಾಡಿ ಕೊಟ್ಟ ಶಾಫ್ಟ್ ಸಡಿಲವೆಂದು ವಾಪಸು ಬರುತ್ತಿದೆ. ಮೂರನ್ನೂ ಮೂರು ಬೇರೆ ರೋಗಗಳೆಂದು ನೋಡಿದ್ದೇ ಈ ಪ್ರಕರಣದ ಮೊದಲ ತಪ್ಪು. ಆ ಕಾರಣಕ್ಕೆ ಮೋಟರಿನ ಒಂದು ವೈಂಡಿಂಗ್ (ತಂತಿ ಸುರುಳಿ), ಒಂದು ಬುಷ್ ಮತ್ತು ಹತ್ತಿರ ಹತ್ತಿರ ಎರಡು ತಿಂಗಳು ಹಾಳಾದವು.

ಬೆಲ್ಟ್ ಬಿಗಿ ಮಾಡಿದ ದಿನ

ಮೊದಮೊದಲು ಬೆಳಿಗ್ಗೆ ಸ್ವಿಚ್ ಒತ್ತಿದಾಗ ಚರ್ಮದ ಬೆಲ್ಟ್ ಕಿರುಗುಟ್ಟುತ್ತ ಜಾರುತ್ತಿತ್ತು. ನಾಲ್ಕೈದು ಸೆಕೆಂಡಿನಲ್ಲಿ ಹಿಡಿತ ಸಿಕ್ಕಿ ಸ್ಪಿಂಡಲ್ ಮೆಲ್ಲಗೆ ವೇಗ ಪಡೆಯುತ್ತಿತ್ತು. ಬೆಲ್ಟ್ ಸಡಿಲವಾಗಿದೆ ಎಂದುಕೊಂಡು ಅದನ್ನು ಒಂದು ಅಂಗುಲ ಕತ್ತರಿಸಿ ಬಿಗಿಯಾಗಿ ಹೊಲಿದರು. ಮಾರನೆಯ ದಿನದಿಂದ ಜಾರುವುದು ನಿಂತಿತು, ಮೋಟರ್ ಗುಂಯ್ ಎನ್ನುತ್ತ ಅರ್ಧ ವೇಗದಲ್ಲೇ ನಿಲ್ಲಲು ಶುರುವಾಯಿತು. ಅದುವರೆಗೆ ಮೋಟರನ್ನು ಕಾಪಾಡುತ್ತಿದ್ದದ್ದು ಆ ಜಾರಿಕೆಯೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಕೆಪಾಸಿಟರ್ ಸ್ಟಾರ್ಟ್ ಮೋಟರ್ ಏಳುವ ಬಗೆ ಹೀಗೆ. ಸ್ಟಾರ್ಟ್ ವೈಂಡಿಂಗ್ ಮತ್ತು ಕೆಪಾಸಿಟರ್ ಆರಂಭದಲ್ಲಿ ಮಾತ್ರ ಕೆಲಸ ಮಾಡುತ್ತವೆ. ವೇಗ ಮುಕ್ಕಾಲು ಪಾಲು ತಲುಪಿದೊಡನೆ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ತೆರೆದು ಅವೆರಡನ್ನೂ ಕಡಿದುಹಾಕುತ್ತದೆ. ಈ ಬಗೆಯ ಕೆಪಾಸಿಟರ್ ಸಾಮಾನ್ಯವಾಗಿ ತಡೆದುಕೊಳ್ಳುವುದು ಪ್ರತಿ ಸಲ 3 ಸೆಕೆಂಡ್, ಗಂಟೆಗೆ 20 ಸಲ. ಮೋಟರ್ ಆ ವೇಗ ತಲುಪದಿದ್ದರೆ ಸ್ವಿಚ್ ತೆರೆಯುವುದೇ ಇಲ್ಲ. ತೆಳು ತಂತಿಯ ಸ್ಟಾರ್ಟ್ ವೈಂಡಿಂಗ್ ಉರಿಯತೊಡಗುತ್ತದೆ. ಜೊತೆಗೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಚಳಿಯಲ್ಲಿ ತಾನೂ ಸ್ವಲ್ಪ ಬಲ ಕಳೆದುಕೊಂಡಿರುತ್ತದೆ. ಹೆಚ್ಚು ಬಲ ಬೇಕಾದ ಹೊತ್ತಿಗೇ ಕಡಿಮೆ ಬಲ ಸಿಗುತ್ತದೆ.

ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇ ದಿನಕ್ಕೆ ಮೂರು ನಾಲ್ಕು ಸಲ ಬೀಳುತ್ತಿತ್ತು. ಮೋಟರಿನ ಫಲಕದಲ್ಲಿ 6.8 ಆಂಪಿಯರ್ ಎಂದಿದೆ, ರಿಲೇ 7ರಲ್ಲಿತ್ತು. ಅದನ್ನು 10ಕ್ಕೆ ಏರಿಸಿದರು. ನಮ್ಮ ದೃಷ್ಟಿಯಲ್ಲಿ ಇಡೀ ಚಳಿಗಾಲದ ಅತಿ ಕೆಟ್ಟ ನಿರ್ಧಾರ ಇದೇ. ರಿಲೇ ಹೇಳುತ್ತಿದ್ದದ್ದು ನಿಜವಾಗಿತ್ತು, ಅದರ ಬಾಯಿ ಮುಚ್ಚಿಸಿದರು. ಎಂಟನೆಯ ದಿನ ಸ್ಟಾರ್ಟ್ ವೈಂಡಿಂಗ್ ಸುಟ್ಟು ಶೆಡ್ಡೆಲ್ಲ ವಾರ್ನಿಷ್ ವಾಸನೆ.

ವೈಂಡಿಂಗ್ ಮಾಡಿಕೊಟ್ಟವರು ಮೋಟರ್ ಒಪ್ಪಿಸುವಾಗ ಮಾಲೀಕರಿಗೆ ಒಂದು ಮಾತು ಹೇಳಿದರು: “ಸಾರ್, ಮೊದಲು ಬೆಲ್ಟ್ ಕಳಚಿ ಬರೀ ಮೋಟರ್ ಓಡಿಸಿ ನೋಡಿ. ಎದ್ದರೆ ರೋಗ ಮೋಟರಲ್ಲಿಲ್ಲ, ಅದರ ಮುಂದೆ ಎಲ್ಲೋ ಇದೆ.” ಬೆಲ್ಟ್ ಕಳಚಿದಾಗ ಮೋಟರ್ ಒಂದು ಸೆಕೆಂಡಿಗೂ ಮೊದಲೇ ಎದ್ದಿತು. ಕೌಂಟರ್ ಶಾಫ್ಟ್ ಜೋಡಿಸಿದಾಗಲೂ ಎದ್ದಿತು. ಸ್ಪಿಂಡಲ್ ಜೋಡಿಸಿದರೆ ಮಾತ್ರ ನಿಂತಿತು. ಆದರೆ ಲೇಥ್ ನಡೆಸುವ ಹಿರಿಯ ಟರ್ನರ್, ಸ್ಪಿಂಡಲ್ ತುದಿಯಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಚಕ್ ಹಿಡಿದು ಕೈಯಲ್ಲಿ ತಿರುಗಿಸಿದರೆ ಅದು ಸರಾಗವಾಗಿ ತಿರುಗುತ್ತದೆ! ಕೈಗೆ ಬಿಗಿಯೆನಿಸದ ಸ್ಪಿಂಡಲ್ ಮೋಟರನ್ನು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಯಲ್ಲಿ ಒಂದು ವಾರ ಕಳೆಯಿತು.

ಕೈಯ ಪರೀಕ್ಷೆ ಮೋಸ ಮಾಡುವುದು ಇಲ್ಲೇ. ಬುಷ್‌ನೊಳಗಿನ ಎಣ್ಣೆಯ ಎಳೆತ ವೇಗದ ಜೊತೆಗೆ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಕೈಯಲ್ಲಿ ತಿರುಗಿಸುವಾಗ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸುತ್ತು, ಅಷ್ಟೆ. ವಿಜಿ 68 ಎಣ್ಣೆಯ ಹೆಸರಿನಲ್ಲಿರುವ 68 ಎಂಬುದು 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ. 2 ಡಿಗ್ರಿಗೆ ಇಳಿದಾಗ ಅದು ಹತ್ತು ಪಟ್ಟಿಗೂ ಹೆಚ್ಚು ಗಟ್ಟಿ. ಈ ಲೇಥ್‌ನ ಬುಷ್‌ಗಳ ಅಳತೆ, 0.05 ಮಿ.ಮೀ. ಆಟ (ಬುಷ್ ಮತ್ತು ಶಾಫ್ಟ್ ನಡುವಿನ ಸಡಿಲ) ಹಿಡಿದು ಲೆಕ್ಕ ಹಾಕಿದರೆ, ನಿಮಿಷಕ್ಕೆ 100 ಸುತ್ತಿನಲ್ಲಿ ಎರಡೂ ಬುಷ್ ಸೇರಿ ತಿನ್ನುವುದು 50 ವ್ಯಾಟಿಗಿಂತ ಕಡಿಮೆ. 200 ಸುತ್ತಿನಲ್ಲಿ ಸುಮಾರು 180. 500 ಸುತ್ತಿಗೆ ಹೋದರೆ 1 ಕಿಲೋವ್ಯಾಟ್ ದಾಟುತ್ತದೆ. ಮೋಟರ್ ಇರುವುದೇ 0.75 ಕಿಲೋವ್ಯಾಟ್. ಹಿಂದಿನ ಸಂಜೆ ಕೊನೆಯ ಕೆಲಸ 500 ಸುತ್ತಿನಲ್ಲಿ ಮುಗಿದಿರುತ್ತಿತ್ತು, ಬೆಲ್ಟ್ ಪುಲ್ಲಿಯಲ್ಲಿ ಆ ವೇಗದ ಮೆಟ್ಟಿಲ ಮೇಲೇ ಇರುತ್ತಿತ್ತು, ಬೆಳಿಗ್ಗೆ ಸ್ವಿಚ್ ಒತ್ತುತ್ತಿದ್ದದ್ದೂ ಅದರ ಮೇಲೇ. ಮಧ್ಯಾಹ್ನ ಒಮ್ಮೆಯೂ ನಿಲ್ಲದ ಮೋಟರ್ ಬೆಳಿಗ್ಗೆ ಮಾತ್ರ ನಿಲ್ಲುತ್ತಿದ್ದದ್ದು ಇದಕ್ಕೇ.

ಸೀಮೆಎಣ್ಣೆ ಬೆರೆಸಿದ್ದು

ಎಣ್ಣೆ ಗಟ್ಟಿಯಾಗಿದೆ ಎಂಬಷ್ಟು ಅರ್ಥವಾದಾಗ ಸಿಕ್ಕ ಮೊದಲ ಉಪಾಯ ಹಳೆಯದು. ಬಟ್ಟಲಿನ ಎಣ್ಣೆಗೆ ಮೂರನೇ ಒಂದು ಪಾಲು ಸೀಮೆಎಣ್ಣೆ ಬೆರೆಸಿದರು. ಬೆಳಿಗ್ಗೆ ಲೇಥ್ ಚಕ್ಕನೆ ಎದ್ದಿತು. ನಾಲ್ಕು ದಿನ ಎಲ್ಲವೂ ಸುಗಮ. ಐದನೆಯ ದಿನ ಮಧ್ಯಾಹ್ನ 70 ಮಿ.ಮೀ. ವ್ಯಾಸದ ಉಕ್ಕನ್ನು ಪಾರ್ಟಿಂಗ್ ಟೂಲಿನಲ್ಲಿ ಕತ್ತರಿಸುತ್ತಿದ್ದಾಗ ಸ್ಪಿಂಡಲ್ ಕೀಚಲು ದನಿ ಮಾಡಿತು. ಮುಂದಿನ ಬುಷ್‌ನ ಮೇಲೆ ಕೈಯಿಡಲಾಗದಷ್ಟು ಬಿಸಿ.

ಸೀಮೆಎಣ್ಣೆಗೆ ಭಾರ ಹೊರುವ ಶಕ್ತಿಯಿಲ್ಲ. ಬೆಳಿಗ್ಗೆ ಗಟ್ಟಿ ಎಣ್ಣೆಯನ್ನು ಹದಕ್ಕೆ ತರುವ ಅದೇ ಮಿಶ್ರಣ, ಬುಷ್ ಬೆಚ್ಚಗಾದ ಮೇಲೆ ನೀರಿನಂತೆ ತೆಳುವಾಗಿ ಪದರವೇ ಹರಿದುಹೋಗುತ್ತದೆ. ಪಾರ್ಟಿಂಗ್ ಹೊತ್ತಿನಲ್ಲಿ ಮುಂದಿನ ಬುಷ್‌ನ ಮೇಲೆ ಬೀಳುವಷ್ಟು ಭಾರ ಬೇರೆ ಯಾವಾಗಲೂ ಬೀಳುವುದಿಲ್ಲ.

ಬಿಚ್ಚಿ ನೋಡಿದಾಗ ಮುಂದಿನ ಬುಷ್‌ನ ಕೆಳಗಿನ ಅರ್ಧದಲ್ಲಿ ಹೆಬ್ಬೆರಳಗಲದ ಜಾಗದಲ್ಲಿ ಗನ್‌ಮೆಟಲ್ ಕಿತ್ತು ಶಾಫ್ಟಿಗೆ ಮೆತ್ತಿಕೊಂಡಿತ್ತು. ಶಾಫ್ಟನ್ನು ಎಣ್ಣೆ ಹಚ್ಚಿದ ಸಣ್ಣ ಎಮರಿ ಕಾಗದದಿಂದ ಸುತ್ತಲೂ ಸಮನಾಗಿ ಉಜ್ಜಿದರು. ಬುಷ್‌ಗೆ ನೀಲಿ ಹಚ್ಚಿ ಎತ್ತರದ ಚುಕ್ಕೆಗಳನ್ನು ಸ್ಕ್ರೇಪರಿನಿಂದ ಕೆರೆದರು. ಎರಡೂ ಬದಿಯಿಂದ 0.02 ಮಿ.ಮೀ. ದಪ್ಪದ ಶಿಮ್ (ತೆಳು ತಗಡು) ತೆಗೆದರು. ಆಮೇಲೆ ಚಕ್ಕಿನ ಕೆಳಗೆ ಮರದ ಸನ್ನೆಕೋಲು ಕೊಟ್ಟು ಎತ್ತಿ, ಡಯಲ್‌ನಲ್ಲಿ ಆಟ 0.05 ಮಿ.ಮೀ. ಬಂದದ್ದನ್ನು ಖಾತ್ರಿ ಮಾಡಿಕೊಂಡರು. ಮೂರು ದಿನದ ಕೆಲಸ. ಸ್ಕ್ರೇಪರ್ ಹಿಡಿಯಬಲ್ಲ ಹಿರಿಯ ಟರ್ನರ್ ಅಲ್ಲಿ ಇಲ್ಲದಿದ್ದರೆ ಈ ಲೇಥ್ ಅಷ್ಟಕ್ಕೇ ಮೂಲೆ ಸೇರುತ್ತಿತ್ತು.

ಬುಷ್ ಬಿಚ್ಚಿದ್ದರಿಂದ ಇನ್ನೊಂದು ಸಂಗತಿ ಹೊರಬಿತ್ತು. ಎಣ್ಣೆ ಬಟ್ಟಲಿನ ಸೂಜಿಯನ್ನು ಬೇಸಿಗೆಯ ಮಧ್ಯಾಹ್ನವೊಂದರಲ್ಲಿ ನಿಮಿಷಕ್ಕೆ 6 ತೊಟ್ಟಿಗೆ ಹೊಂದಿಸಿದ್ದರು. ಚಳಿಯ ಬೆಳಿಗ್ಗೆ ಅದೇ ಸೂಜಿಯಲ್ಲಿ ಎರಡು ನಿಮಿಷಕ್ಕೆ ಒಂದು ತೊಟ್ಟೂ ಸರಿಯಾಗಿ ಬೀಳುತ್ತಿರಲಿಲ್ಲ. ಕಿಂಡಿಯಲ್ಲಿ ನೋಡಿದರೆ ತೊಟ್ಟು ಉದ್ದಕ್ಕೆ ಜೋತುಬಿದ್ದು ಕಡಿಯಲಾರದೆ ನಿಂತಿರುತ್ತಿತ್ತು. ಎಂದರೆ ಬುಷ್‌ನೊಳಗೆ ಹಿಂದಿನ ದಿನದ ಗಟ್ಟಿ ಎಣ್ಣೆ ಎಳೆಯುತ್ತಿದೆ, ಮೇಲಿಂದ ಹೊಸ ಎಣ್ಣೆ ಬರುತ್ತಲೂ ಇಲ್ಲ. ಎರಡು ತದ್ವಿರುದ್ಧ ತೊಂದರೆಗಳು ಒಂದೇ ಬುಷ್‌ನಲ್ಲಿ ಕೂತಿದ್ದವು.

ಕಾಯಿಸಿದಷ್ಟೂ ತುಕ್ಕು

ಈ ನಡುವೆ, ಚಳಿಗೇ ಮದ್ದು ಮಾಡೋಣವೆಂದು 15 ಕಿಲೋವ್ಯಾಟಿನ, ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರೊಂದು ಬಂತು. ಬೆಳಿಗ್ಗೆ ಎರಡು ಗಂಟೆ ಉರಿಸಿ ಆರಿಸುತ್ತಿದ್ದರು. ಗಾಳಿ 14 ಡಿಗ್ರಿಗೆ ಏರುತ್ತಿತ್ತು, ಕೈ ಬೆಚ್ಚಗಾಗುತ್ತಿತ್ತು. ಮೂರನೆಯ ವಾರಕ್ಕೆ ಬೆಡ್, ಚಕ್ಕಿನ ಮುಖ, ಡ್ರಿಲ್ಲಿಂಗ್ ಟೇಬಲ್ ಎಲ್ಲೆಲ್ಲೂ ಕಂದು ಪುಡಿ. ಹಿಂದಿನ ಎಷ್ಟೋ ಚಳಿಗಾಲ ಕಾವೇ ಇಲ್ಲದೆ ಕಳೆದಿದ್ದ ಕಬ್ಬಿಣಕ್ಕೆ, ಕಾವು ಕೊಟ್ಟ ಮೇಲೆ ತುಕ್ಕು.

ಅಡುಗೆ ಅನಿಲದಂಥ ಇಂಧನ 1 ಕೆ.ಜಿ. ಉರಿದರೆ ಸುಮಾರು 1.6 ಕೆ.ಜಿ. ನೀರು ಹುಟ್ಟುತ್ತದೆ. ಈ ಹೀಟರ್ ಗಂಟೆಗೆ 1.2 ಕೆ.ಜಿ. ಉರಿಸುತ್ತದೆ. ಕೊಳವೆಯಿಲ್ಲದ್ದರಿಂದ ಗಂಟೆಗೆ ಹೆಚ್ಚುಕಡಿಮೆ 2 ಲೀಟರ್ ನೀರು ಆವಿಯಾಗಿ ಶೆಡ್ಡಿನ ಗಾಳಿಗೇ ಸೇರುತ್ತಿತ್ತು. ಗಾಳಿ ಅರ್ಧ ಗಂಟೆಯಲ್ಲಿ ಬೆಚ್ಚಗಾಗುತ್ತದೆ, 700 ಕೆ.ಜಿ. ಎರಕ ಮಧ್ಯಾಹ್ನವಾದರೂ ತಣ್ಣಗೇ ಇರುತ್ತದೆ. 14 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ 70 ಇದ್ದರೆ ಅದರ ಇಬ್ಬನಿ ಬಿಂದು 8.6 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ಬೆವರಲೇಬೇಕು. ಬೆಡ್ ಆಗ 3 ಡಿಗ್ರಿಯಲ್ಲಿತ್ತು.

ಈ ಲೆಕ್ಕ ಆಗ ಯಾರ ತಲೆಗೂ ಬರಲಿಲ್ಲ, ಏಕೆಂದರೆ ಅಳತೆಯೇ ತಪ್ಪು ಹೇಳುತ್ತಿತ್ತು. ಇನ್‌ಫ್ರಾರೆಡ್ ಗನ್ ಹಿಡಿದು ಬೆಡ್‌ನ ಶಾಖ ನೋಡಿದರೆ 10 ಡಿಗ್ರಿ ತೋರಿಸುತ್ತಿತ್ತು. ಹೊಳೆಯುವ ಲೋಹ ತನ್ನ ಶಾಖವನ್ನು ತೀರ ಕಡಿಮೆ ಸೂಸುತ್ತದೆ. ಗನ್ ನೋಡುವುದು ಅದರಲ್ಲಿ ಕಾಣುವ ಪ್ರತಿಬಿಂಬದ, ಅಂದರೆ ಬೆಚ್ಚಗಿನ ಗೋಡೆ ಮಾಡುಗಳ ಶಾಖವನ್ನು. ಬೆಡ್‌ನ ಬದಿಗೆ ಎರಡು ಅಂಗುಲ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಗನ್ ಹಿಡಿದಾಗ 3 ಡಿಗ್ರಿ ಬಂತು. ಟೇಪಿನ ಆ ತುಂಡು ಈಗಲೂ ಅಲ್ಲೇ ಇದೆ. ಇಡೀ ಚಳಿಗಾಲದಲ್ಲಿ ಅದಕ್ಕಿಂತ ಉಪಯುಕ್ತವಾದ ಉಪಕರಣ ಆ ಶೆಡ್ಡಿಗೆ ಬಂದಿಲ್ಲ.

ತುಕ್ಕಿಗೆ ಮೊದಲು ಮಾಡಿದ ಉಪಾಯ ಪ್ಲಾಸ್ಟಿಕ್ ಹಾಳೆ. ರಾತ್ರಿ ಲೇಥ್‌ನ ಮೇಲೆ ಹೊದಿಸಿ ನೆಲದವರೆಗೆ ಇಳಿಬಿಟ್ಟರು. ಕಾಂಕ್ರೀಟ್ ನೆಲದಿಂದ ಏಳುವ ತೇವ ಒಳಗೇ ಸಿಕ್ಕಿಕೊಂಡು, ಬೆಳಿಗ್ಗೆ ಹಾಳೆಯ ಒಳಮೈಯಿಂದ ಹನಿಗಳು ಬೆಡ್‌ನ ಮೇಲೆ ತೊಟ್ಟಿಕ್ಕುತ್ತಿದ್ದವು. ತುಕ್ಕು ಈಗ ಸಾಲುಸಾಲಾಗಿ ಬಂತು.

ಹೀಟರ್ ಹಚ್ಚದ ದಿನದ ತುಕ್ಕು

ತಿರುವು ಸಿಕ್ಕಿದ್ದು ಹೀಟರನ್ನು ದೂರಿ ಮೂಲೆಗಿಟ್ಟ ನಂತರ. ಆರು ದಿನದ ಕಡುಚಳಿಯ ಮೇಲೆ ಒಂದು ಬೆಳಿಗ್ಗೆ ಹೊರಗೆ ಹವೆ ಹಠಾತ್ತನೆ ಬದಲಾಯಿತು. 11 ಡಿಗ್ರಿ, ಮೋಡ, ತೇವ. ಹಿತವಾಗಿದೆಯೆಂದು ಶಟರ್ ಪೂರಾ ಎತ್ತಿದರು. ಇಪ್ಪತ್ತು ನಿಮಿಷದಲ್ಲಿ ಕಬ್ಬಿಣವೆಲ್ಲ ಒದ್ದೆ. ಸಹಾಯಕ ಹುಡುಗ ಚಕ್ಕಿನ ಮೇಲೆ ಬೆರಳಿನಿಂದ ಗೆರೆ ಎಳೆದ, ಗೆರೆಯಿಂದ ನೀರು ಇಳಿಯಿತು. ಅಂದು ಹೀಟರ್ ಇರಲಿಲ್ಲ. ಗಾಳಿಯಲ್ಲಿ ತೇವಾಂಶ ಶೇ 90, ಇಬ್ಬನಿ ಬಿಂದು 9.4 ಡಿಗ್ರಿ, ಟೇಪಿನ ಮೇಲೆ ಬೆಡ್ 1 ಡಿಗ್ರಿ.

ಆಗ ದೃಷ್ಟಿ ಬದಲಾಯಿತು. ತುಕ್ಕು ಹಿಡಿಸುವುದು ಚಳಿಯಲ್ಲ. ಗಾಳಿ ಬೇಗ ಬದಲಾಗುತ್ತದೆ, ಕಬ್ಬಿಣ ತಡವಾಗಿ ಬದಲಾಗುತ್ತದೆ, ಆ ಎರಡರ ನಡುವಿನ ಅಂತರವೇ ಬೆವರು. ಬುಷ್‌ನ ಕಥೆಯೂ ಹಾಗೇ: ಬೆಳಗಿನ ಎಣ್ಣೆ ಮತ್ತು ಮಧ್ಯಾಹ್ನದ ಎಣ್ಣೆ ಎರಡು ಬೇರೆ ಎಣ್ಣೆಗಳು. ಹಾಗಿದ್ದರೆ ಮೂರನೆಯ ದೂರಾದ ಸಡಿಲ ಶಾಫ್ಟ್ ಕೂಡ ಅಂತರದ ಕೂಸೇ ಇರಬಹುದೇ ಎಂದು ಮಾಲೀಕರಿಗೆ ಮೊದಲ ಬಾರಿ ಅನುಮಾನ ಬಂತು.

ಹೌದಾಗಿತ್ತು. ವಾಪಸು ಬಂದ ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ 60 ಮಿ.ಮೀ., ಕೆ6 ಹೊಂದಿಕೆ, ಅಂದರೆ 60.002ರಿಂದ 60.021ರ ಒಳಗಿರಬೇಕು. ಕೊನೆಯ ಕೋತ (ಕಡೆತ) ಮುಗಿದಾಗ ಟೂಲಿನ ಕಾವಿನಿಂದ ಜಾಬ್, ಅಂದರೆ ಕಡೆಯುತ್ತಿದ್ದ ತುಂಡು, 45 ಡಿಗ್ರಿಯಲ್ಲಿತ್ತು, ಶೆಲ್ಫಿನಿಂದ ತೆಗೆದ ಮೈಕ್ರೊಮೀಟರ್ 4 ಡಿಗ್ರಿಯಲ್ಲಿ. ಓದಿದ್ದು 60.010, ಹೊಂದಿಕೆಯ ನಟ್ಟನಡುವೆ. ಉಕ್ಕು ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ 11.5 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. 60 ಮಿ.ಮೀ.ಗೆ 41 ಡಿಗ್ರಿ ಅಂತರವೆಂದರೆ 28 ಮೈಕ್ರಾನ್. ತಣ್ಣಗಾದ ಮೇಲೆ ಶಾಫ್ಟ್ ಉಳಿದದ್ದು 59.982. ಬೇರಿಂಗ್ ಕೈಯಲ್ಲೇ ಜಾರಿ ಕೂತಿತು. ಬೇಸಿಗೆಯಲ್ಲಿ ಶೆಡ್ಡು 30 ಡಿಗ್ರಿ ಇದ್ದಾಗ ಇದೇ ಅಭ್ಯಾಸದಲ್ಲಿ ತಪ್ಪುತ್ತಿದ್ದದ್ದು 10 ಮೈಕ್ರಾನ್ ಮಾತ್ರ, ಹೊಂದಿಕೆಯೊಳಗೇ ಅಡಗಿಹೋಗುತ್ತಿತ್ತು. ಟರ್ನರ್‌ನ ಕೈ ಕೆಟ್ಟಿರಲಿಲ್ಲ. ಅಭ್ಯಾಸ ಅದೇ ಇತ್ತು, ಅಂತರ ದೊಡ್ಡದಾಗಿತ್ತು.

ಇಲ್ಲಿ ಒಂದು ಮಾತು ಸೇರಿಸಬೇಕು. ಅಳತೆಯ ಪ್ರಮಾಣಿತ ಉಷ್ಣತೆ 20 ಡಿಗ್ರಿ ಎಂಬ ಕಾರಣಕ್ಕೆ ಚಳಿಯ ಶೆಡ್ಡಿನಲ್ಲಿ ಅಳೆಯಲೇಬಾರದು ಎನ್ನುವವರಿದ್ದಾರೆ. ಉಕ್ಕಿನ ಜಾಬ್, ಉಕ್ಕಿನ ಮೈಕ್ರೊಮೀಟರ್ ಎರಡೂ 4 ಡಿಗ್ರಿಯಲ್ಲಿ ಒಟ್ಟಿಗೆ ಇದ್ದರೆ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ, ಓದಿದ್ದು ಸರಿಯೇ. ಅಲ್ಯೂಮಿನಿಯಂ ಬೇರೆ ಮಾತು. ಅದು ಉಕ್ಕಿಗಿಂತ ಎರಡು ಪಟ್ಟು ಹಿಗ್ಗುತ್ತದೆ. 4 ಡಿಗ್ರಿಯಲ್ಲಿ 62.000 ಎಂದು ಓದಿದ ಅಲ್ಯೂಮಿನಿಯಂ ರಂಧ್ರ 20 ಡಿಗ್ರಿಗೆ ಬಂದಾಗ 62.011 ಆಗಿರುತ್ತದೆ. ಅದನ್ನು ಲೆಕ್ಕದಲ್ಲಿ ಕಳೆದೇ ಬೋರ್ ಮಾಡಬೇಕು.

ಕಡೆಗೆ ನಿಂತ ವ್ಯವಸ್ಥೆ

ಶೆಡ್ಡನ್ನು ಕಾಯಿಸುವುದನ್ನು ಕೈಬಿಟ್ಟರು, ಕಬ್ಬಿಣವನ್ನು ಕಾಯಿಸಿದರು. ಗ್ಯಾಸ್ ಹೀಟರ್ ಹೊರಗೆ ಹೋಯಿತು. ಮುಚ್ಚಿದ ಶೆಡ್ಡಿನಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡ್ ಒಂದೇ ಸಾಕು ಅದನ್ನು ಹೊರಗಿಡಲು. ಬಳಸುವ ದಿನಗಳಲ್ಲಿ ಇಬ್ಬರಿಗೆ ಹತ್ತು ಗಂಟೆಯ ಹೊತ್ತಿಗೆ ತಲೆನೋವು ಬರುತ್ತಿತ್ತು, ಅದನ್ನು ಚಳಿಯ ಲೆಕ್ಕಕ್ಕೆ ಹಾಕಿದ್ದರು.

ಲೇಥ್ ಬೆಡ್‌ನ ಕೆಳಗೆ 120 ವ್ಯಾಟಿನ ಕೊಳವೆ ಹೀಟರ್ ಹಾಕಿ, ಮೇಲಿಂದ ದಪ್ಪ ಹತ್ತಿಯ ಹೊದಿಕೆ ಇಳಿಬಿಟ್ಟರು. ಹತ್ತಿ ಉಸಿರಾಡುತ್ತದೆ, ತೇವ ಒಳಗೆ ನಿಲ್ಲುವುದಿಲ್ಲ. ಮೊದಲು ಬಲ್ಬ್ ಇಟ್ಟು ನೋಡಿದ್ದರು. ಚಕ್ ಕೀ ಬಿದ್ದು ಒಡೆಯಿತು, ಕೆಳಗೆ ಎಣ್ಣೆ ಮೆತ್ತಿದ ಚಿಪ್ಸ್ (ಕಡೆದಾಗ ಉದುರುವ ಲೋಹದ ಸಿಪ್ಪೆ) ಇತ್ತು. ಅಂದೇ ಬಲ್ಬ್ ತೆಗೆದರು. 700 ಕೆ.ಜಿ. ಎರಕವನ್ನು 4 ಡಿಗ್ರಿ ಏರಿಸಲು ಸುಮಾರು 1400 ಕಿಲೋಜೂಲ್ ಬೇಕು. ಸೋರಿಕೆ ಬಿಟ್ಟರೂ 120 ವ್ಯಾಟಿಗೆ ಅದು ಮೂರು ಗಂಟೆಗೂ ಮೀರಿದ ಕೆಲಸ. ಬೆಳಿಗ್ಗೆ ಬಂದು ಹಾಕಿದರೆ ಫಲವಿಲ್ಲ, ರಾತ್ರಿಯಿಡೀ ಇರಬೇಕು. ಹೀಗಿಟ್ಟಾಗ ಬೆಡ್ ಗಾಳಿಗಿಂತ 4ರಿಂದ 5 ಡಿಗ್ರಿ ಬೆಚ್ಚಗೆ ನಿಂತಿತು. ಕಬ್ಬಿಣ ಗಾಳಿಗಿಂತ ಬೆಚ್ಚಗಿದ್ದರೆ ಬೆವರುವ ಪ್ರಶ್ನೆಯೇ ಇಲ್ಲ. ಆದರೂ ಹವೆ ಹಠಾತ್ತನೆ ತಿರುಗುವ ದಿನಕ್ಕೆ 5 ಡಿಗ್ರಿ ಸಾಲದು. ಅಂಥ ದಿನ ಶಟರ್ ಎತ್ತುವುದಿಲ್ಲ, ಪಕ್ಕದ ಸಣ್ಣ ಬಾಗಿಲಿನಿಂದ ಓಡಾಟ, ಹೊದಿಕೆ ತೆಗೆಯುವುದು ಟೇಪಿನ ಓದು ಇಬ್ಬನಿ ಬಿಂದು ದಾಟಿದ ಮೇಲೆ. ಒಂದು ಬೆಳಗಿನ ಕೆಲಸ ಹೋಗುತ್ತದೆ, ಹೋಗಲಿ.

ಹೆಡ್‌ಸ್ಟಾಕ್‌ಗೆ ಮುಂದಿನ ಬುಷ್‌ನ ಕೆಳಗೆ ಅಯಸ್ಕಾಂತದಿಂದ ಅಂಟುವ 200 ವ್ಯಾಟ್ ಹೀಟರ್. ಟೈಮರ್ ಅದನ್ನು ಕೆಲಸಕ್ಕೆ ಒಂದೂವರೆ ಗಂಟೆ ಮೊದಲು ಹಚ್ಚುತ್ತದೆ. ಎಣ್ಣೆ ಬಟ್ಟಲುಗಳಲ್ಲಿ ವಿಜಿ 22. ಚಳಿಯಲ್ಲಿ ಅದರ ಸ್ನಿಗ್ಧತೆ ವಿಜಿ 68ರ ನಾಲ್ಕನೇ ಒಂದು ಪಾಲಿನ ಆಸುಪಾಸು. ಹೀಟರ್ ಇಲ್ಲದೆಯೂ 500 ಸುತ್ತಿಗೆ ಬುಷ್‌ಗಳು ತಿನ್ನುವುದು 250 ವ್ಯಾಟಿನ ಹತ್ತಿರ, ಮೋಟರಿಗೆ ದೊಡ್ಡದಲ್ಲ. ಸೀಮೆಎಣ್ಣೆ ಮಿಶ್ರಣದಂತಲ್ಲದೆ ಇದು ಬೆಚ್ಚಗಾದ ಮೇಲೂ ಪದರ ಬಿಡುವುದಿಲ್ಲ. ಬೇಸಿಗೆಗೆ ವಿಜಿ 32ಕ್ಕೆ ಬದಲಾಯಿಸುವುದೆಂದು ಡಬ್ಬಿಯ ಮೇಲೆಯೇ ಬರೆದಿಟ್ಟರು. ಬೆಡ್‌ಗೆ ಮಾತ್ರ ವಿಜಿ 68 ಉಳಿಯಿತು. ಅಲ್ಲಿ ವೇಗವಿಲ್ಲ, ಅಂಟಿ ನಿಲ್ಲುವ ಎಣ್ಣೆಯೇ ಬೇಕು.

ಬೆಳಗಿನ ಕ್ರಮ ಹೀಗೆ. ಹಿಂದಿನ ಸಂಜೆಯೇ ಬೆಲ್ಟನ್ನು ಕೆಳ ಮೆಟ್ಟಿಲಿಗೆ ತಂದು ಸಡಿಲಿಸಿರಬೇಕು. ರಾತ್ರಿಯಿಡೀ ಬಿಗಿಯಾಗಿ ನಿಂತ ವಿ-ಬೆಲ್ಟ್ ಪುಲ್ಲಿಯ ಆಕಾರಕ್ಕೆ ಸೆಟೆದುಕೊಂಡು ಬೆಳಿಗ್ಗೆ ಕುಣಿಯುತ್ತದೆ. ಬೆಳಿಗ್ಗೆ ಪ್ರತಿ ಬುಷ್‌ಗೂ ಕೈಯಿಂದ ಐದಾರು ತೊಟ್ಟು ಎಣ್ಣೆ ಹಾಕಿ, ಚಕ್ಕನ್ನು ಹತ್ತು ಸುತ್ತು ಕೈಯಲ್ಲೇ ತಿರುಗಿಸಬೇಕು. ಆಮೇಲೆ 100 ಸುತ್ತಿನಲ್ಲಿ 5 ನಿಮಿಷ, 200ರಲ್ಲಿ 10 ನಿಮಿಷ, ನಂತರ ಬೇಕಾದ ವೇಗ. ಬಟ್ಟಲಿನ ತೊಟ್ಟನ್ನು ಎರಡು ಸಲ ಎಣಿಸಬೇಕು: ಸ್ವಿಚ್ ಒತ್ತುವಾಗ ಒಮ್ಮೆ, ಹತ್ತು ಗಂಟೆಗೆ ಇನ್ನೊಮ್ಮೆ. ಮೋಟರ್ 2 ಸೆಕೆಂಡಿನಲ್ಲಿ ಏಳದಿದ್ದರೆ ಕೈ ಸ್ಟಾಪ್ ಮೇಲೆ ಹೋಗಬೇಕು. ರಿಲೇ 7ಕ್ಕೆ ಮರಳಿತು, ಅದರ ಮುಚ್ಚಳಕ್ಕೆ ಬಣ್ಣದ ಸೀಲ್ ಬಿತ್ತು.

ಹೆಡ್‌ಸ್ಟಾಕ್ ಹೀಟರಿನಿಂದ ಹೊಸದೊಂದು ತೊಂದರೆ ಬಂತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆಡ್‌ಸ್ಟಾಕ್ ಮಾತ್ರ 12 ಡಿಗ್ರಿ ಬೆಚ್ಚಗಾದರೆ, 200 ಮಿ.ಮೀ. ಎತ್ತರದ ಎರಕ ಸುಮಾರು 25 ಮೈಕ್ರಾನ್ ಮೇಲೇಳುತ್ತದೆ. ಬೆಡ್‌ನ ಎದುರು ತುದಿಯ ಟೇಲ್‌ಸ್ಟಾಕ್ ಇದ್ದಲ್ಲೇ ಇರುತ್ತದೆ. ಎತ್ತರದ ಈ ವ್ಯತ್ಯಾಸ ಹೊರಗಿನ ಟರ್ನಿಂಗ್‌ನ ವ್ಯಾಸದಲ್ಲಿ ಗೊತ್ತೇ ಆಗುವುದಿಲ್ಲ. ಟೇಲ್‌ಸ್ಟಾಕ್‌ನಿಂದ ರೀಮರ್ (ರಂಧ್ರವನ್ನು ಕರಾರುವಾಕ್ಕಾದ ಅಳತೆಗೆ ತರುವ ಟೂಲ್) ಹಾಕಿದ ರಂಧ್ರಗಳು ಮಾತ್ರ ಬಾಯಲ್ಲಿ ಅಗಲವಾಗಿ ಬಂದವು. ಈಗ ರೀಮರ್ ಕೆಲಸವೆಲ್ಲ ಮಧ್ಯಾಹ್ನಕ್ಕೆ.

ಅಳತೆಗೆ ಒಂದು ಮರದ ಪೆಟ್ಟಿಗೆ ಬಂತು. ಮೈಕ್ರೊಮೀಟರ್‌ಗಳು ಅದರಲ್ಲಿ ಲೇಥ್‌ನ ಹತ್ತಿರವೇ ಇರುತ್ತವೆ, ಬೆಚ್ಚಗಿನ ಕಚೇರಿಗೆ ಹೋಗುವುದಿಲ್ಲ, ಜೇಬಿಗೂ ಇಳಿಯುವುದಿಲ್ಲ. ಕೊನೆಯ ಕೋತಕ್ಕೆ ಮೊದಲು 0.2 ಮಿ.ಮೀ. ಬಿಟ್ಟು ಜಾಬನ್ನು ತಣಿಯಲು ಬಿಡುತ್ತಾರೆ. ಜಾಬ್‌ನ ಮೇಲೂ ಟೇಪಿನ ಚೂರು ಅಂಟಿಸಿ ಗನ್ ಹಿಡಿದು, ಅದು ಮೈಕ್ರೊಮೀಟರಿನ 3 ಡಿಗ್ರಿ ಹತ್ತಿರಕ್ಕೆ ಬಂದ ಮೇಲೆ ಕೊನೆಯ ಕೋತ. 60 ಮಿ.ಮೀ.ಗೆ 3 ಡಿಗ್ರಿಯೆಂದರೆ 2 ಮೈಕ್ರಾನ್, ಸಹಿಸಬಹುದು.

ಬ್ಯಾಂಡ್‌ಸಾ ವಿಷಯ ಚಿಕ್ಕದು, ಆದರೆ ನಷ್ಟ ಚಿಕ್ಕದಲ್ಲ. ಕೊಯ್ಯುವಾಗ ತಂಪು ಮಾಡುವ, ನೀರು ಬೆರೆಸಿದ ಕೂಲಂಟ್ ತೊಟ್ಟಿಯಲ್ಲೇ ಇತ್ತು. ಒಂದು ರಾತ್ರಿ ಹೆಪ್ಪುಗಟ್ಟಿ ಪಂಪಿನ ಎರಕದ ಮೈ ಸೀಳಿತು. ಕರಗಿದ ಮೇಲೆ ಎಣ್ಣೆ ಮೇಲೆ ಬೇರೆಯಾಗಿ ಕೆನೆಗಟ್ಟಿತ್ತು, ಎಷ್ಟು ಕಲಕಿದರೂ ಒಂದಾಗಲಿಲ್ಲ. ಚಳಿ ಬೀಳುವ ಮೊದಲು ತೊಟ್ಟಿ, ಪಂಪು, ಕೊಳವೆ ಬರಿದು ಮಾಡಬೇಕು. ವೈಸ್ ಎತ್ತಿ ಅಡಿಯ ತೇವ ಒರೆಸಬೇಕು. ಚಳಿಗಾಲದಲ್ಲಿ ಬ್ರಷ್‌ನಿಂದ ಅಪ್ಪಟ ಕಟಿಂಗ್ ಆಯಿಲ್ ಸಾಕು.

ಕೈಗಳ ಮಾತು ಕೊನೆಗೆ ಬಂತು, ಬರಬೇಕಾದದ್ದು ಮೊದಲು. ಬೆರಳು ಮರಗಟ್ಟುತ್ತದೆಂದು ಸಹಾಯಕ ಹುಡುಗ ಉಣ್ಣೆಯ ಕೈಗವಸು ಹಾಕಿಕೊಂಡೇ ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಂತಿದ್ದ. ಡ್ರಿಲ್ ಬಿಟ್ಟಿಗೆ ಸುತ್ತಿಕೊಂಡ ಚಿಪ್ಸ್ ಕೈಗವಸಿನ ತುದಿಯನ್ನು ಎಳೆದುಕೊಂಡಿತು. ಉಣ್ಣೆ ಹಳೆಯದಾಗಿ ಹರಿದದ್ದರಿಂದ ಬೆರಳು ಉಳಿಯಿತು. ತಿರುಗುವ ಯಂತ್ರದ ಮುಂದೆ ಕೈಗವಸು, ಮಫ್ಲರ್, ಉದ್ದ ತೋಳಿನ ಸ್ವೆಟರ್ ಯಾವುದೂ ಕೂಡದು, ಎಷ್ಟೇ ಚಳಿಯಿದ್ದರೂ. ಬದಲಿಗೆ ಚಕ್ ಕೀ, ಸ್ಪ್ಯಾನರ್, ಟೂಲ್ ಹೋಲ್ಡರ್‌ಗಳನ್ನು 40 ವ್ಯಾಟ್ ಹೀಟರ್ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿಡುತ್ತಾರೆ. ಕೈ ಮರಗಟ್ಟುವುದು ಹೆಚ್ಚಾಗಿ ತಣ್ಣನೆಯ ಉಕ್ಕು ಹಿಡಿದು ಹಿಡಿದೇ. ಲೇಥ್‌ನ ಮುಂದೆ ಕಾಂಕ್ರೀಟಿನ ಮೇಲೆ ಮರದ ಹಲಗೆ ಹಾಸಿದ ಮೇಲೆ ಕಾಲಿನ ಚಳಿಯೂ ತಗ್ಗಿತು.

ಆಮೇಲೆ

ಈ ವ್ಯವಸ್ಥೆ ಬಂದ ಮೇಲಿನ ಏಳು ವಾರದಲ್ಲಿ ರಿಲೇ ಒಮ್ಮೆ ಬಿದ್ದಿತು. ಅಂದು ಟೈಮರ್ ಪ್ಲಗ್ ಕಳಚಿತ್ತು ಮತ್ತು ಬೆಲ್ಟ್ ಮೇಲಿನ ಮೆಟ್ಟಿಲಲ್ಲೇ ಉಳಿದಿತ್ತು. ಈ ಸಲ ರಿಲೇಗೆ ಯಾರೂ ಕೈ ಹಚ್ಚಲಿಲ್ಲ, ಬೆಲ್ಟ್ ಇಳಿಸಿದರು. ಲೇಥ್‌ನಲ್ಲಿ ಹೊಸ ತುಕ್ಕಿಲ್ಲ. ಸಡಿಲವೆಂದು ಶಾಫ್ಟ್ ಮತ್ತೆ ಬಂದಿಲ್ಲ.

ಮತ್ತೆ ಆರಂಭದಿಂದ ಶುರುಮಾಡುವುದಾದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದಾಗ ಮಾಲೀಕರು ಹೀಟರಿನ ಮಾತೆತ್ತಲಿಲ್ಲ, ಎಣ್ಣೆಯ ಮಾತೂ ಎತ್ತಲಿಲ್ಲ. ಟೇಪ್ ಮತ್ತು ತೇವಾಂಶ ಮಾಪಕ ಹಿಡಿದು ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಾಳಿ ಮತ್ತು ಕಬ್ಬಿಣ ಎರಡರ ಶಾಖವನ್ನೂ ಬರೆದಿಡುತ್ತೇನೆ ಎಂದರು. ಆ ಪಟ್ಟಿ ಮೊದಲೇ ಇದ್ದಿದ್ದರೆ ಬೆಲ್ಟ್ ಬಿಗಿ ಮಾಡುವ, ರಿಲೇ ಏರಿಸುವ, ಸೀಮೆಎಣ್ಣೆ ಬೆರೆಸುವ ಮೂರೂ ನಿರ್ಧಾರಗಳ ಎದುರು 2 ಡಿಗ್ರಿ ಎಂಬ ಅಂಕಿ ನಿಂತಿರುತ್ತಿತ್ತು ಎಂಬುದು ಅವರ ಲೆಕ್ಕ, ನಮ್ಮದೂ ಅದೇ.

ಶೇಪರ್ ಮಾತ್ರ ಇನ್ನೂ ಹೊದಿಕೆಯಿಲ್ಲದೆ ನಿಂತಿದೆ. ಅದರ ರ‍್ಯಾಮ್‌ಗೆ ಪ್ರತಿ ಸಂಜೆ ಎಣ್ಣೆ ಬಟ್ಟೆ ಒರೆಸುತ್ತಾರೆ. ಹವೆ ತಿರುಗಿದ ದಿನ ಮೊದಲು ಬೆವರುವುದು ಅದೇ, ಅದು ಬೆವರಿದ್ದು ಕಂಡರೆ ಲೇಥ್‌ನ ಹೊದಿಕೆ ತೆಗೆಯುವುದಿಲ್ಲ.